ಸಾವರತಳೆಯಲ್ಲಿ ಅಂಬಾಬಾಯಿ ಚೆಲ್ಲಿದ ಚರಗ

ಪುಣೆಯ ಭೋಸರಿಯ ಕಾರಖಾನೆಗಳ ಸಾಲು ಮುಗಿದು, ಲೇಥ್ ಯಂತ್ರಗಳ ಗರಗರ ಸದ್ದು ಕಪ್ಪೆಗಳ ವಟವಟಕ್ಕೆ ದಾರಿ ಬಿಡುವ ಕಡೆ ಸಾವರತಳೆ ಎಂಬ ಕೆರೆಯೊಂದಿದೆ. ಮರಾಠಿಯಲ್ಲಿ ಸಾವರ ಎನ್ನುವ, ಆ ಹೆಸರಿಗೆ ಕಾರಣವಾದ ಬೂರುಗದ ಮರ ಎಂದೋ ಬಿದ್ದುಹೋಗಿದೆ, ಕೆರೆ ಉಳಿದಿದೆ. ಪಡುವಣಕ್ಕೆ ಆಳೆತ್ತರದ ಜೊಂಡು, ಬಡಗಣಕ್ಕೆ ಹಳೆಯ ಕಲ್ಲುಗಣಿಯ ಕಡಿದಾದ ಗೋಡೆ, ತೆಂಕಣಕ್ಕೆ ಡಾಂಬರು ರಸ್ತೆ ಹೊತ್ತ ಒಡ್ಡು. ಮನುಷ್ಯರಾಗಲಿ ದನವಾಗಲಿ ಕಾಲು ಮುರಿದುಕೊಳ್ಳದೆ ನೀರಿಗೆ ಇಳಿಯಬಹುದಾದ ಜಾಗವೆಂದರೆ ಮೂಡಣ ಮೂಲೆಯೊಂದೇ.

ಆ ಮೂಲೆ ತನ್ನದೆಂದು ಅಂಬಾಬಾಯಿ ನಂಬಿದ್ದಳು. ಕಾಗದಪತ್ರ ಏನೂ ಇರಲಿಲ್ಲ. ಆಕೆಯ ಎಮ್ಮೆಗಳು ಅಲ್ಲಿ ನೀರಿಗೆ ಬೀಳುತ್ತಿದ್ದವು, ಅಷ್ಟೇ. ಅದಕ್ಕಿಂತ ದೊಡ್ಡ ಪತ್ರ ಬೇಕೆಂದು ಆಕೆಗೆ ಯಾವತ್ತೂ ಅನಿಸಿರಲಿಲ್ಲ.

ಅಂಬಾಬಾಯಿ ಕಲಬುರಗಿ ಸೀಮೆಯ ಆಳಂದದ ಕಡೆಯವಳು. ಮದುವೆಯಾದ ವರ್ಷವೇ ಗಂಡ ಕಾಶಪ್ಪನ ಹಿಂದೆ ಪುಣೆಗೆ ಬಂದು, ತಲೆಯ ಮೇಲೆ ಸಿಂಬಿ ಇಟ್ಟು, ಸಿಂಬಿಯ ಮೇಲೆ ಇಟ್ಟಂಗಿ ಹೊತ್ತು, ಯಾರುಯಾರದೋ ಮನೆಗಳನ್ನು ಆಕಾಶಕ್ಕೆ ಏರಿಸಿದಳು. ಈಗಲೂ ಬಸ್ಸಿನಲ್ಲಿ ಹೋಗುವಾಗ ಎತ್ತರದ ಕಟ್ಟಡ ಕಂಡರೆ ಪಕ್ಕದಲ್ಲಿ ಕೂತವರಿಗೆ, "ಇದರ ಮ್ಯಾಗಿನ ಮಜಲಿ ನಾನೇ ಹೊತ್ತೀನ್ರಿ" ಎಂದು ತೋರಿಸುವುದುಂಟು. ಕೂತವರು ಮರಾಠಿಯವರಾದರೆ ಮರಾಠಿಯಲ್ಲಿ, ಹಿಂದಿಯವರಾದರೆ ಹಿಂದಿಯಲ್ಲಿ, ಯಾವ ಭಾಷೆಯೆಂದು ತಿಳಿಯದಿದ್ದರೆ ಕೈಸನ್ನೆಯಲ್ಲಿ. ಕಾಶಪ್ಪನಿಗೆ ಕಾರಖಾನೆಯಲ್ಲಿ ಕಾಯಂ ಕೆಲಸವಾದ ಮೇಲೆ ಆಕೆ ಇಟ್ಟಂಗಿ ಇಳಿಸಿ ಎಮ್ಮೆ ಕಟ್ಟಿದಳು. ಒಂದು ಎಮ್ಮೆ ಮೂರಾಯಿತು. ದೊಡ್ಡದಕ್ಕೆ ಗೌರಿ, ನಡುವಿನದಕ್ಕೆ ತುಂಗಿ ಎಂದು ಆಕೆಯೇ ಹೆಸರಿಟ್ಟಳು. ಮೂರನೆಯದಕ್ಕೆ ಹೆಸರಿಡುವ ಗೌರವ ಕಾಶಪ್ಪನಿಗೆ ಸಿಕ್ಕಿತು. ಅವನು ಅದನ್ನು ಎರಡು ದಿನ ಸುಮ್ಮನೆ ನೋಡಿದ. ಅದು ತಿನ್ನುವುದು, ಮಲಗುವುದು, ಎದುರು ಕಂಡವರ ಮೇಲೆಲ್ಲ ಕೂಗಾಡುವುದು ಬಿಟ್ಟು ಬೇರೆ ಕೆಲಸ ಮಾಡಲಿಲ್ಲ. "ಮ್ಯಾನೇಜರ್ ಅಂತ ಕರಿ" ಎಂದ. ಅದೇ ನಿಂತಿತು.

ಎಮ್ಮೆ ಎಂಬ ಪ್ರಾಣಿ ಬಿಸಿಲೇರಿದ ಮೇಲೆ ನೀರಲ್ಲಿ ಬಿದ್ದುಕೊಳ್ಳದಿದ್ದರೆ ಸಂಜೆಗೆ ಸರಿಯಾಗಿ ಹಾಲು ಕೊಡುವುದಿಲ್ಲ. ನಲ್ಲಿಯ ನೀರು ಮನುಷ್ಯರ ಬಾಯಿಗೇ ಸಾಲದ, ಕೆರೆಯ ಪಕ್ಕದ ಅವರ ವಸ್ತಿಯಲ್ಲಿ ಮೂರು ಎಮ್ಮೆಗಳಿಗೆ ನಿತ್ಯ ಸ್ನಾನ ಎಲ್ಲಿಂದ ತರಬೇಕು? ಮೂಲೆ ಹೋದರೆ ಎಮ್ಮೆ ಹೋದಂತೆ. ಎಮ್ಮೆ ಹೋದರೆ ಅಂಬಾಬಾಯಿ ಈ ವಯಸ್ಸಿನಲ್ಲಿ ಮತ್ತೆ ಸಿಂಬಿ ಸುತ್ತಬೇಕು. ಆಕೆ ಆ ಮೂಲೆಯ ವಿಷಯದಲ್ಲಿ ಯಾರ ಮಾತನ್ನೂ ಕೇಳದಿದ್ದುದಕ್ಕೆ ಇದು ಕಾರಣ.

ಯಾರ ಮಾತನ್ನೂ ಎಂದರೆ ಮುಖ್ಯವಾಗಿ ಪಂಢರಿನಾಥನ ಮಾತನ್ನು.

ಪಂಢರಿನಾಥ ಭೋಯಿ ಜನಾಂಗದವನು, ಅಪ್ಪನ ಕಾಲದಿಂದ ಸಾವರತಳೆಯಲ್ಲಿ ಮೀನು ಹಿಡಿಯುವವನು. ಥರ್ಮಾಕೋಲಿನ ಹಲಗೆಗಳನ್ನು ಗೋಣಿತಟ್ಟಿನಲ್ಲಿ ಹೊಲಿದು ಮಾಡಿದ ಅವನ ತೆಪ್ಪವೂ ಅದೇ ಮೂಲೆಯಿಂದ ನೀರಿಗೆ ಇಳಿಯಬೇಕು, ಅದೇ ಮೂಲೆಗೆ ಹತ್ತಬೇಕು. ಎಮ್ಮೆ ಬಿದ್ದರೆ ನೀರು ರಾಡಿ, ಬಲೆ ಹರಿದರೆ ಜಗಳ. ವರ್ಷಗಟ್ಟಲೆ ಆಡಿದ ಈ ಜಗಳದಿಂದ ಒಂದು ಲಾಭವಾಗಿತ್ತು. ಪಂಢರಿನಾಥ ಒಳ್ಳೆಯ ಕನ್ನಡ ಕಲಿತಿದ್ದ, ಅಂಬಾಬಾಯಿ ಒಳ್ಳೆಯ ಮರಾಠಿ ಕಲಿತಿದ್ದಳು. ತನ್ನ ಬೈಗುಳ ಎದುರಾಳಿಗೆ ಪೂರ್ತಿ ಅರ್ಥವಾಗಬೇಕೆಂಬ ಆಸೆ ಇಬ್ಬರಿಗೂ ಇತ್ತು. ಆದ್ದರಿಂದ ಜಗಳ ಕಾವೇರಿದಾಗ ಆಕೆ ಮರಾಠಿಯಲ್ಲಿ ಬೈಯುತ್ತಿದ್ದಳು, ಅವನು ಕನ್ನಡದಲ್ಲಿ.

"ಅಂಬಾಬಾಯಿ, ನಿನ್ನ ಎಮ್ಮಿ ನನ್ನ ಜಾಳಿ ತಿಂತದ!" ಎಂದು ಅವನು ತೆಪ್ಪದಿಂದ ಹರಿದ ಬಲೆ ತೋರಿಸಿ ಕೂಗಿದರೆ, ಆಕೆ ದಂಡೆಯಿಂದ, "ನನ್ನ ಎಮ್ಮಿ ಹುಲ್ಲು ತಿಂತದ ಪಂಢರಿಭಾವು. ನಿನ್ನ ಜಾಳಿ ನನ್ನ ಎಮ್ಮಿ ಕಾಲು ತಿಂತದ" ಎನ್ನುವಳು.

"ನಾಳೆಯಿಂದ ಇಲ್ಲಿ ಬರಬ್ಯಾಡ!"

"ನಾಳಿ ಯಾಕ, ಈಗೇ ಬರಂಗಿಲ್ಲ. ಮ್ಯಾನೇಜರ್ ಎದ್ರ ಹೋಗ್ತೀನಿ. ನೀನೇ ಎಬ್ಬಸು ನೋಡಾಮು."

ಮ್ಯಾನೇಜರನ್ನು ಎಬ್ಬಿಸಲು ಪಂಢರಿನಾಥನಿಗೂ ಆಗುತ್ತಿರಲಿಲ್ಲ. ಜಗಳ ಅಲ್ಲಿಗೆ ಮರುದಿನಕ್ಕೆ ಮುಂದೂಡಲ್ಪಡುತ್ತಿತ್ತು.

ಹೀಗಿರುವಾಗ, ಬೇರೊಂದು ಕಡೆಯ ಕೆರೆಗೆ ಅದರ ಚಂದ ಉಳಿಸಲೆಂದು ಸುತ್ತಲೂ ತಂತಿಬೇಲಿ ಹಾಕಿದರಂತೆ, ಮೀನಿನವರೂ ದನದವರೂ ಹೊರಗೆ ನಿಂತು ನೋಡುವಂತಾಯಿತಂತೆ ಎಂಬ ಸುದ್ದಿ ವಸ್ತಿಗೆ ಬಂತು. ಅದರ ಬೆನ್ನಿಗೇ ಸಾವರತಳೆಗೂ ಒಂದು ಯೋಜನೆಯಾಗುತ್ತದೆಂದು ಡಂಗುರ ಬಂತು. ಅಂಬಾಬಾಯಿ ಕುಡಗೋಲು ಮಸೆದಿಟ್ಟುಕೊಂಡಳು. ಯಾತಕ್ಕೆಂದು ಕಾಶಪ್ಪ ಕೇಳಿದಾಗ, "ಹುಲ್ಲಿಗೆ" ಎಂದಳು. ಆದರೆ ಮುಖ ಹುಲ್ಲು ಕೊಯ್ಯುವವಳ ಮುಖದಂತಿರಲಿಲ್ಲ.

ಯೋಜನೆಯ ಪರವಾಗಿ ಬಂದವಳು ಯಶ್ಮಿತಾ ಎಂಬ ಹುಡುಗಿ. ಅವಳ ಅಜ್ಜ ಧಾರವಾಡದ ಕಡೆಯಿಂದ ಬಂದು ಪುಣೆಯಲ್ಲಿ ಗುಮಾಸ್ತರಾಗಿದ್ದವರು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದರೂ ಮನೆಯ ಕನ್ನಡ ಬಿಟ್ಟಿರಲಿಲ್ಲ. ಅವಳು ಮಾರುತಿ ಗುಡಿಯ ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿ, ಕೆರೆಯ ಚಿತ್ರ ಬಿಡಿಸಿದ ದೊಡ್ಡ ಬಟ್ಟೆಯೊಂದನ್ನು ಹಾಸಿ, ಮೊದಲು ಮರಾಠಿಯಲ್ಲೂ ಆಮೇಲೆ ಕನ್ನಡದಲ್ಲೂ ಹೇಳಿದಳು.

"ನಾವು ಇಲ್ಲಿ ತಂತಿ ಹಾಕ್ಲಿಕ್ಕೆ ಬಂದಿಲ್ರಿ. ಕೆರಿ ನೀರು ಉಳೀಬೇಕು, ಚಳಿಗಾಲಕ್ಕ ಬರೋ ಹಕ್ಕಿ ಉಳೀಬೇಕು, ಕೆರಿ ನಂಬಿ ಬದುಕೋ ನೀವೂ ಉಳೀಬೇಕು. ಎಲ್ಲಾದಕ್ಕೂ ಕೂಡಿ ಒಂದೇ ಯೋಜನೆ ಮಾಡೋಣು."

"ಎಮ್ಮಿ ಬಿಟ್ಟಿ ನೋಡವ್ವ" ಎಂದಳು ಅಂಬಾಬಾಯಿ.

"ಎಮ್ಮಿನೂ ಉಳೀಬೇಕ್ರಿ ಮಾವಶಿ."

"ಹಂಗ ಹೇಳು." ಅಂಬಾಬಾಯಿ ಬಟ್ಟೆಯ ಮೇಲಿನ ಕೆರೆಯನ್ನು ಬಗ್ಗಿ ನೋಡಿದಳು. "ಆದ್ರ ಇಷ್ಟ್ ಸಣ್ಣ ಕೆರ್ಯಾಗ ನಮ್ಮ ಮ್ಯಾನೇಜರ್ ಹಿಡಸಂಗಿಲ್ಲ."

ಯಾರ ಕೆಲಸ ಕೆರೆಯ ಯಾವ ಭಾಗದಲ್ಲಿ ನಡೆಯುತ್ತದೆಂದು ತೋರಿಸಲು ಯಶ್ಮಿತಾ ಹಣೆಗೆ ಹಚ್ಚುವ ಟಿಕಲಿಗಳ ಪೊಟ್ಟಣ ತಂದಿದ್ದಳು. ಮೀನಿಗೆ ಕೆಂಪು, ಹುಲ್ಲಿಗೆ ಹಸಿರು, ಎಮ್ಮೆಗೆ ಕಪ್ಪು. ಅಂಬಾಬಾಯಿ ಮೊದಲು ಹೋಗಿ ಮೂಡಣ ಮೂಲೆಗೆ ಕಪ್ಪು ಟಿಕಲಿ ಒತ್ತಿದಳು. ಪಂಢರಿನಾಥ ಬಂದು ಅದರ ಮೇಲೆಯೇ ಕೆಂಪು ಒತ್ತಿದ. ಆಕೆ ಕೆಂಪಿನ ಮೇಲೆ ಕಪ್ಪು. ಅವನು ಕಪ್ಪಿನ ಮೇಲೆ ಕೆಂಪು. ಉಳಿದವರು ತಮ್ಮ ಜಾಗ ತೋರಿಸುವುದನ್ನು ಬಿಟ್ಟು ಇದನ್ನೇ ನೋಡುತ್ತ ಕೂತರು. ಸಭೆ ಮುಗಿಯುವ ಹೊತ್ತಿಗೆ ಮೂಡಣ ಮೂಲೆಯಲ್ಲಿ ಟಿಕಲಿಗಳದೊಂದು ಗುಡ್ಡವೇ ಎದ್ದಿತ್ತು.

ಯಶ್ಮಿತಾ ನಕ್ಕಳು. ಆದರೆ ಎದ್ದು ಹೋಗುವ ಮುಂಚೆ ಇಬ್ಬರನ್ನೂ ಬದಿಗೆ ಕರೆದು ನಗದೆ ಹೇಳಿದಳು. "ಸಂಕ್ರಾಂತಿ ಮುಂಚೆ ಇನ್ನೊಂದು ಸಭಾ ಅದ. ಅಷ್ಟರೊಳಗ ಈ ಮೂಲಿ ಹೆಂಗ ಬಳಸ್ತೀರಿ ಅಂತ ನೀವಿಬ್ರೇ ಕೂತು ಒಂದು ಮಾತಿಗೆ ಬರ್ರಿ. ಬರಲಿಲ್ಲಾಂದ್ರ ಅದು ಖಾಲಿ ಉಳೀತದ. ಖಾಲಿ ಉಳಿದ ಜಾಗಕ್ಕ ಮ್ಯಾಲಿನವ್ರು ತಂತಿನೇ ಹಾಕೋದು. ಅದು ನನ್ನ ಕೈಯಾಗ ಇಲ್ರಿ."

ಮಾತಿಗೆ ಬರುವ ಪ್ರಯತ್ನ ಮರುದಿನವೇ ನಡೆಯಿತು. ಅಂಬಾಬಾಯಿ ಒಂದು ಕಲ್ಲಿನ ಮೇಲೆ, ಪಂಢರಿನಾಥ ಇನ್ನೊಂದು ಕಲ್ಲಿನ ಮೇಲೆ, ನಡುವೆ ಮ್ಯಾನೇಜರ್.

"ನೋಡು ಪಂಢರಿಭಾವು, ನಂದು ಮೂರು ಜೀವ. ನಿಂದು ಒಂದು ಥರ್ಮಾಕೋಲ್. ನೀನೇ ಆಚಿ ಸರಿ."

"ಥರ್ಮಾಕೋಲ್ ಮ್ಯಾಗ ನಾನಿರ್ತೀನಲ್ಲ, ನಾನು ಜೀವ ಅಲ್ಲೇನು?"

"ಅದನ್ನ ನಿನ್ನ ಹೆಂಡ್ತೀನ್ನ ಕೇಳ್ಬೇಕು."

"ನೋಡು, ಇದಕ್ಕೇ ನಿನ್ನ ಸಂಗಾಟ ಮಾತಾಡಬಾರದು ಅಂತಾಳ ಆಕಿ!"

ಹೀಗೆ ಮಾತು ಮುರಿಯಿತು. ದಿನಗಳು ಸರಿದವು. ಚಳಿ ಬಿತ್ತು. ಪಡುವಣ ಜೊಂಡಿನೊಳಗೆ ಎಲ್ಲಿಂದಲೋ ಹಕ್ಕಿಗಳು ಬಂದಿಳಿದವು. ಕಾಶಪ್ಪ ಒಂದು ಸಂಜೆ ಕ್ಯಾಲೆಂಡರ್ ನೋಡಿ, "ಎಳ್ಳಮಾಸಿ ಬಂತು" ಎಂದ. ಅವನು ದಿನಕ್ಕೆ ಒಂದೆರಡು ಮಾತಾಡುವ ಮನುಷ್ಯ. ಆ ದಿನದ ಪಾಲು ಅಲ್ಲಿಗೆ ಮುಗಿಯಿತು.

ಅಂಬಾಬಾಯಿಗೆ ಮಾತ್ರ ಆ ಮಾತಿನಿಂದ ಒಂದು ಉಪಾಯ ಹೊಳೆಯಿತು.

ಎಳ್ಳಮಾವಾಸ್ಯೆ ಎಂದರೆ ಆಳಂದದ ಕಡೆ ಹೊಲದ ಹಬ್ಬ. ಮನೆಗೆ ಬೀಗ ಹಾಕಿ ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಸಜ್ಜಿಯ ಕಡುಬು, ಸಜ್ಜಿಯ ರೊಟ್ಟಿ, ಸಿಕ್ಕ ಸೊಪ್ಪು ಸಿಕ್ಕ ಕಾಳು ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತೊಯ್ದು ಭೂಮಿತಾಯಿಗೆ ಎಡೆ ಇಡುತ್ತಾರೆ. ಆಮೇಲೆ ಆ ಅಡುಗೆಯನ್ನು ಕಲಸಿ ಹೊಲದ ಸುತ್ತ ಬದುವಿನಗುಂಟ ಚೆಲ್ಲುತ್ತ ಹೋಗುತ್ತಾರೆ. ಅದಕ್ಕೆ ಚರಗ ಎಂದು ಹೆಸರು. ಮುಂದೆ ಒಬ್ಬರು ಚರಗ ಚೆಲ್ಲಿದರೆ ಹಿಂದೆ ಒಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತ ಬರಬೇಕು. ಪುಣೆಗೆ ಬಂದ ಮೇಲೆ ಹೊಲವಿಲ್ಲದ ಅಂಬಾಬಾಯಿ ಬಾಗಿಲ ಮುಂದಿನ ತುಳಸಿ ಕಟ್ಟೆಯ ಸುತ್ತ ನಾಲ್ಕು ಕಾಳು ಚೆಲ್ಲಿ ಹಬ್ಬ ಮುಗಿಸುತ್ತಿದ್ದಳು.

ಈ ಸಲ ಆಕೆ ಗಂಡನಿಗೆ ಹೇಳಿದಳು. "ನಮ್ಮೂರಾಗ ಚರಗ ಎಲ್ಲೀಮಟ ಚೆಲ್ತಾರ?"

"ತಮ್ಮ ಹೊಲ ಇರೋಮಟ."

"ಹಂಗಾದ್ರ ಎಲ್ಲೀಮಟ ಚರಗ ಬಿತ್ತು, ಅಲ್ಲೀಮಟ ಹೊಲ ಅವ್ರದೇ ಹೌದಿಲ್ಲೋ? ನೋಡಿದವ್ರು ಯಾರರೆ ತಕರಾರು ಮಾಡಿದ್ದು ಕೇಳಿಯೇನು?"

ಕಾಶಪ್ಪ ತಲೆ ಕೆರೆದುಕೊಂಡ. ಮಾತು ಎಲ್ಲೋ ತಿರುವುಮುರುವಾಗಿದೆ ಎಂದು ಅವನಿಗೆ ಅನಿಸಿತು. ಆದರೆ ಎಲ್ಲಿ ಎಂದು ಹುಡುಕುವಷ್ಟರಲ್ಲಿ ಹೆಂಡತಿ ಸಜ್ಜಿಯ ಹಿಟ್ಟು ಜರಡಿ ಹಿಡಿಯಲು ಹೋಗಿಯಾಗಿತ್ತು.

ಅಮಾವಾಸ್ಯೆಯ ದಿನ ಆಕೆ ಮಾಡಿದ ಅಡುಗೆ ಒಂದು ಮದುವೆಗೆ ಸಾಲುವಂತಿತ್ತು. ದೊಡ್ಡ ಪಾತೇಲಿಯಲ್ಲಿ ಭಜ್ಜಿ, ಬುಟ್ಟಿಯ ತುಂಬ ಕಡುಬು. ತುಳಸಿ ಕಟ್ಟೆಗೆ ಮುಷ್ಟಿ ಚರಗ ಸಾಕು, ಕೆರೆಯ ಮೂಲೆಗೆ ಸಾಲದಲ್ಲ. ಇಬ್ಬರೂ ಹೊತ್ತುಕೊಂಡು ಹೋದರು. ನೀರಿನ ಅಂಚಿನಿಂದ ಹಿಡಿದು ಪಂಢರಿನಾಥ ಬಲೆ ಒಣಗಿಸುವ ಬಂಡೆಯವರೆಗೆ, ಬಂಡೆಯಿಂದ ತೆಪ್ಪ ಕಟ್ಟುವ ಗೂಟದವರೆಗೆ, ಗೂಟದಿಂದ ಮತ್ತೆ ನೀರಿಗೆ, ಅಂಬಾಬಾಯಿ ಕೈ ತುಂಬ ತುಂಬ ಚರಗ ಚೆಲ್ಲಿದಳು. ಊರಿನಲ್ಲಿ ಕೂಗುವ ಹಾಗೆಯೇ "ಹುಲ್ಲುಲ್ಲಿಗೋ" ಎಂದು ಕೂಗಿದಳು. ಕೂಗಿಗೆ ಉತ್ತರ ಕೊಡಬೇಕಾದ ಕಾಶಪ್ಪ ಹಿಂದಿನಿಂದ ತಂಬಿಗೆಯ ನೀರು ಚಿಮುಕಿಸುತ್ತ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ನೋಡಿ, ಗಂಟಲಿನೊಳಗೇ ಏನೋ ಅಂದ. ನೀರಿನೊಳಗೂ ತನ್ನ ಹಕ್ಕು ಇರಲೆಂದು ಅಂಬಾಬಾಯಿ ಮೊಣಕಾಲುಮಟ ಇಳಿದು ಅಲ್ಲಿಗೂ ನಾಲ್ಕು ಬೊಗಸೆ ಎರಚಿದಳು.

ತೆಪ್ಪದ ಮೇಲೆ ಕೂತಿದ್ದ ಪಂಢರಿನಾಥ ಬಾಯಿ ತೆರೆದು ನೋಡುತ್ತಿದ್ದ. "ಅಗ ಬಾಯಿ, ಏನಿದು?"

"ಪೂಜಾ!"

"ಇಷ್ಟೊಂದು ಪೂಜಾ?"

"ದೊಡ್ಡ ದೇವ್ರು!"

ಇಲ್ಲಿಯವರೆಗೆ ಎಲ್ಲವೂ ಆಕೆ ಎಣಿಸಿದಂತೆಯೇ ನಡೆದಿತ್ತು. ಆದರೆ ಎಳ್ಳಮಾವಾಸ್ಯೆಗೆ ಇನ್ನೊಂದು ಕಟ್ಟಳೆಯಿದೆ. ಆ ದಿನ ಹೊಲದಲ್ಲಿ ಕಣ್ಣಿಗೆ ಬಿದ್ದವರನ್ನು ಉಣ್ಣಿಸದೆ ಕಳಿಸುವಂತಿಲ್ಲ. ಅಂಬಾಬಾಯಿ ಒಂದು ಗಳಿಗೆ ಬೇರೆ ಕಡೆ ಮುಖ ತಿರುವಿ ನಿಂತಳು. ಪಂಢರಿನಾಥ ಕಣ್ಣಿಗೆ ಬೀಳಲೇ ಇಲ್ಲವೆಂದು ಭೂಮಿತಾಯಿಯನ್ನು ನಂಬಿಸಲು ಸಾಧ್ಯವೇ ಎಂದು ಯೋಚಿಸಿದಳು. ತಾಯಿ ಅಷ್ಟು ದಡ್ಡಿಯಲ್ಲ ಎನಿಸಿತು. "ಬಾ, ಉಣ್ಣು ಬಾ" ಎಂದು ಜಗಳದ ದನಿಯಲ್ಲೇ ಕರೆದಳು.

ಅವನು ಬಂದ. ಉಂಡ. ಭಜ್ಜಿಯನ್ನು ಎರಡನೇ ಸಲ ನೀಡಿಸಿಕೊಂಡ. ಕಡುಬಿನ ಮೇಲೆ ಆಕೆ ತುಪ್ಪ ಹಾಕಿದಾಗ ಅವನ ಕಣ್ಣು ಒದ್ದೆಯಾದಂತೆ ಕಂಡಿತು. ಹೊಗೆಯಿಂದ ಎನ್ನಲು ಅಲ್ಲಿ ಒಲೆಯಿರಲಿಲ್ಲ. "ಅಂಬಾಬಾಯಿ, ನೀನು ಮನಸ್ಸಿನಿಂದ ಛಲೋ ಹೆಣ್ಮಗಳು" ಎಂದು ಅವನು ಕನ್ನಡದಲ್ಲಿ ಹೇಳಿದ. ಹೊಗಳಲು ಅವನು ಕನ್ನಡವನ್ನು ಬಳಸಿದ್ದು ಅದೇ ಮೊದಲು. ಅಂಬಾಬಾಯಿಗೆ ಒಳಗೊಳಗೆ ಚುಚ್ಚಿತು. ಆದರೂ ಗೂಟದ ಹತ್ತಿರ ಬಿದ್ದಿದ್ದ ಚರಗದ ಕಡೆ ಒಮ್ಮೆ ನೋಡಿ ಧೈರ್ಯ ತಂದುಕೊಂಡಳು.

ಮರುದಿನ ಬೆಳಗ್ಗೆ ಆ ಮೂಲೆಯಲ್ಲಿ ನಡೆದದ್ದು ಜಾತ್ರೆ ಎಂದೇ ಹೇಳಬೇಕು. ನೀರಿಗೆ ಬಿದ್ದ ಸಜ್ಜಿಗೆ ಕೆರೆಯ ಚಿಲಾಪಿ ಮೀನುಗಳೆಲ್ಲ ಓಡಿಬಂದಿದ್ದವು. ಮೀನಿಗೆ ನೀರುಕಾಗೆಗಳು ಬಂದವು, ಬೂದು ಬಕಗಳು ಬಂದವು, ಬೆಳ್ಳಕ್ಕಿಗಳು ಸಾಲುಗಟ್ಟಿ ನಿಂತವು. ದಂಡೆಯ ಮೇಲಿನ ಕಾಳಿಗೆ ಬಾತುಗಳು ಓಲಾಡುತ್ತ ಹತ್ತಿಬಂದವು. ಭಜ್ಜಿಗೆ ಕಾಗೆ, ಗೊರವಂಕ. ಇಷ್ಟೆಲ್ಲ ಗದ್ದಲವೇನೆಂದು ನೋಡಲು ಮೇಲೆ ಹದ್ದುಗಳು. ಪಂಢರಿನಾಥ ಬಲೆ ಹಾಕಿ ಎಳೆಯಲಾರದೆ ಎಳೆದ.

ಅದೇ ಬೆಳಗ್ಗೆ ಓಂಕಾರ್ ಬಂದ. ಅವನು ಬೆಂಗಳೂರಿನಿಂದ ಬಂದು ಪುಣೆಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ ಮಾಡುವವನು. ರಜೆಯ ದಿನ ಕೊರಳಿಗೆ ದುರ್ಬೀನು ಹಾಕಿಕೊಂಡು ಯಶ್ಮಿತಾಳ ಯೋಜನೆಗಾಗಿ ಹಕ್ಕಿ ಎಣಿಸುವವನು. ಅವನು ಆ ಮೂಲೆಯನ್ನು ಕಂಡು ಮೊದಲು ಎಣಿಸಿದ, ಆಮೇಲೆ ಎಣಿಸುವುದು ಬಿಟ್ಟು ಸುಮ್ಮನೆ ನಿಂತ. ಕೊನೆಗೆ ಅಲ್ಲೇ ಎಮ್ಮೆಗಳೊಡನೆ ಬಂದ ಅಂಬಾಬಾಯಿಯ ಕೈ ಹಿಡಿದುಕೊಂಡು, "ಅಮ್ಮಾ, ಎಂಥಾ ಜಾಗ ಇದು! ತುಂಬಾ ಥ್ಯಾಂಕ್ಸ್ ಅಮ್ಮಾ!" ಎಂದ.

ಯಾತಕ್ಕೆಂದು ತಿಳಿಯದಿದ್ದರೂ ಅಂಬಾಬಾಯಿ, "ಇರಲಿ ಬಿಡಪ್ಪಾ" ಎಂದಳು. ಆ ಹುಡುಗನ ಬೆಂಗಳೂರು ಕನ್ನಡ ಆಕೆಗೆ ರೇಡಿಯೋದ ಹಾಗೆ ಕೇಳಿಸುತ್ತಿತ್ತು; ರೇಡಿಯೋಕ್ಕೆ ಎದುರು ಪ್ರಶ್ನೆ ಕೇಳುವ ರೂಢಿ ಆಕೆಗಿರಲಿಲ್ಲ.

ಯಾತಕ್ಕೆಂದು ಸಂಕ್ರಾಂತಿಯ ಮುಂಚಿನ ಸಭೆಯಲ್ಲಿ ತಿಳಿಯಿತು.

ಗುಡಿಯ ಅಂಗಳದಲ್ಲಿ ಮತ್ತೆ ಬಟ್ಟೆ ಹಾಸಿತ್ತು. ಓಂಕಾರ್ ಎದ್ದು ನಿಂತು ಹೊಳೆಯುವ ಮುಖದಿಂದ ಹೇಳಿದ. ಇಡೀ ಕೆರೆಯಲ್ಲಿ ಹಕ್ಕಿಗಳಿಗೆ ಎಲ್ಲಕ್ಕಿಂತ ಪ್ರಿಯವಾದ ಜಾಗ ಮೂಡಣ ಮೂಲೆ. ತಾನು ಕಣ್ಣಾರೆ ನೋಡಿದ್ದೇನೆ. ಇದನ್ನು ಪೂರ್ತಿ ಹಕ್ಕಿಗಳಿಗೇ ಬಿಟ್ಟುಬಿಡಬೇಕು. ಎಮ್ಮೆಯೂ ಬೇಡ, ತೆಪ್ಪವೂ ಬೇಡ. ಹೀಗೆ ಹೇಳಿ ಅವನು ಟಿಕಲಿಗಳ ಗುಡ್ಡದ ಮೇಲೆ ಒಂದು ದೊಡ್ಡ ಹಳದಿ ಟಿಕಲಿ ಇಟ್ಟ.

ಗಂಡಸರ ಸಾಲಿನ ತುದಿಯಲ್ಲಿ ಕೂತಿದ್ದ ಪಂಢರಿನಾಥ ನಿಧಾನವಾಗಿ ಕತ್ತು ತಿರುವಿ ಅಂಬಾಬಾಯಿಯನ್ನು ನೋಡಿದ. ಆಮೇಲೆ ಕೂತಲ್ಲಿಂದಲೇ ಸರಿಯುತ್ತ ಸರಿಯುತ್ತ ಹೆಂಗಸರ ಸಾಲಿನ ಅಂಚಿಗೆ ಬಂದ.

"ಬಾಯಿ, ಇದು ನಿನ್ನ ಕಡುಬಿನ ಆಟ."

"ಸುಮ್ಕೂಡು."

"ಅವತ್ತಿನ ಮುಂಚೆ ಅಲ್ಲಿ ನಾಕು ಕಾಗಿ ಬಿಟ್ರ ಏನಿತ್ತು? ಹೇಳು ಅವ್ರಿಗೆ."

"ನೀನೇ ಹೇಳು."

"ನಾ ಹೇಳಿದ್ರ, ಮೂಲಿ ಸಲುವಾಗಿ ಸುಳ್ಳು ಹೇಳ್ತಾನ ಅಂತಾರ. ಅಡಗಿ ಮಾಡಿದಾಕಿ ನೀನು. ಎರಚಿದಾಕಿ ನೀನು. ಹೇಳಾಕ ಏನು ತ್ರಾಸ ಅದ ನಿನಗ?"

ತ್ರಾಸ ಏನೆಂದು ಅಂಬಾಬಾಯಿಗೆ ಮಾತ್ರ ಗೊತ್ತಿತ್ತು. ಚರಗ ಚೆಲ್ಲಿದೆ ಎಂದರೆ, ತುಳಸಿ ಕಟ್ಟೆ ಬಿಟ್ಟು ಅಲ್ಲೇಕೆ ಚೆಲ್ಲಿದೆ ಎಂದು ಕೇಳುತ್ತಾರೆ. ಏಕೆಂದು ಹೇಳಿದರೆ, ಈ ಮನುಷ್ಯನನ್ನು ಕೂಡಿಸಿ ತುಪ್ಪ ಹಾಕಿ ಉಣ್ಣಿಸುತ್ತಲೇ ಅವನ ಕಾಲಡಿಯ ನೆಲವನ್ನು ತನ್ನದು ಮಾಡಿಕೊಳ್ಳುತ್ತಿದ್ದಳೆಂದು ಎಲ್ಲರಿಗೂ ತಿಳಿಯುತ್ತದೆ. ವಸ್ತಿಯ ಹೆಂಗಸರು ಮುಂದಿನ ಎಳ್ಳಮಾವಾಸ್ಯೆಯವರೆಗೆ ನಗುತ್ತಾರೆ. ಸುಮ್ಮನಿದ್ದರೆ ಯಾರೂ ನಗುವುದಿಲ್ಲ. ಆದರೆ ನಾಳೆಯಿಂದ ಗೌರಿ, ತುಂಗಿ, ಮ್ಯಾನೇಜರ್ ಎಲ್ಲಿ ಬೀಳಬೇಕು?

ಯಶ್ಮಿತಾ, "ಯಾರಿಗರೆ ಏನರೆ ಹೇಳೋದದ ಏನ್ರಿ?" ಎಂದು ಕೇಳಿದಳು.

ಅಂಬಾಬಾಯಿ ಸೆರಗು ಸುತ್ತಿಕೊಂಡು ಎದ್ದಳು. "ನಂದದ. ಆ ಹಕ್ಕಿ ಕೆರಿಗೆ ಬಂದಿದ್ದಲ್ಲವ್ವ. ನನ್ನ ಭಜ್ಜಿಗೆ ಬಂದಿದ್ವು."

ಸಭೆ ಗೊಳ್ಳೆಂದಿತು. ಓಂಕಾರ್ ನಗಲಿಲ್ಲ, ಅವನಿಗೆ ಅರ್ಥವಾಗಲಿಲ್ಲ. ಅಂಬಾಬಾಯಿ ಮೊದಲಿನಿಂದ ಹೇಳಿದಳು. ಚರಗ ಎಂದರೇನು, ಯಾರ ಹೊಲಕ್ಕೆ ಯಾರು ಚೆಲ್ಲುತ್ತಾರೆ, ತಾನು ಗೂಟದವರೆಗೆ ಏಕೆ ಹೋದೆ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ಪಂಢರಿನಾಥನ ಕಡೆ ನೋಡಲಿಲ್ಲ.

ಪಂಢರಿನಾಥ ಎದ್ದ. ಅವನ ಮುಖ ಕೆಂಪಗಾಗಿತ್ತು. "ಅರೇ! ಅಂದ್ರ ಅವತ್ತು ನಾನು ಉಂಡಿದ್ದು ನನ್ನ ಮೂಲೀನೇ ಏನು? ತುಪ್ಪ ಹಚ್ಕೊಂಡು ನನ್ನ ಮೂಲಿ ನಾನೇ ತಿಂದ್ನಿ?"

"ಎರಡನೇ ಸಲ ಬೇರೆ ನೀಡಿಸ್ಕೊಂಡಿ" ಎಂದಳು ಅಂಬಾಬಾಯಿ, ತಡೆಯಲಾರದೆ.

ಈಗ ಸಭೆ ಬಿದ್ದು ಬಿದ್ದು ನಕ್ಕಿತು. ಜಗಳ ತನ್ನ ಹಳೆಯ ಜಾಡಿಗೆ ಬೀಳುವುದರಲ್ಲಿತ್ತು. ಆಕೆ ಮರಾಠಿಗೆ, ಅವನು ಕನ್ನಡಕ್ಕೆ ಹೊರಳಿದ್ದೂ ಆಗಿತ್ತು. ಅಷ್ಟರಲ್ಲಿ ಕಂಬಕ್ಕೆ ಒರಗಿ ಕೂತಿದ್ದ ಕಾಶಪ್ಪ ಕೆಮ್ಮಿದ.

"ಚರಗ ಚೆಲ್ಲಿದ ಮ್ಯಾಗ ಮೊದಲ ಎಲಿ ಯಾರಿಗೆ ಹಾಕ್ತಾರ?" ಎಂದು ಕೇಳಿದ.

ಅವನು ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಎಲ್ಲರೂ ಅವನ ಕಡೆ ತಿರುಗಿದರು. ಅಂಬಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

"ಹೇಳು" ಎಂದ ಕಾಶಪ್ಪ.

"ಬಾಜು ಹೊಲದವ್ರಿಗೆ" ಎಂದಳು ಆಕೆ ಗೊಣಗುತ್ತ.

"ಯಾರಿಗೆ ಹಾಕಿದಿ?"

ಆಕೆಯ ಕಣ್ಣು ಪಂಢರಿನಾಥನ ಕಡೆ ಹೊರಳಿತು. ಆಳಂದದ ಹೊಲಗಳಲ್ಲಿ ಬದುವಿನ ಆಚೆಯವನಿಗೆ ಮೊದಲು ಉಣ್ಣಿಸುವುದು ಕಟ್ಟಳೆ. ಬದು ಇಬ್ಬರದೂ ಹೌದು ಎಂದು ಒಪ್ಪಿಕೊಂಡಂತೆ ಅದು. ಉಣ್ಣಿಸಿದವರು ಮತ್ತೆ ಆ ವರ್ಷ ಬದುವಿನ ತಂಟೆ ತೆಗೆಯುವಂತಿಲ್ಲ, ಉಂಡವರೂ ತೆಗೆಯುವಂತಿಲ್ಲ. ಮೂಲೆಯನ್ನು ಪೂರ್ತಿ ತನ್ನದು ಮಾಡಿಕೊಳ್ಳಲು ಹೊರಟವಳು, ಊರಿನ ಲೆಕ್ಕದಲ್ಲಿ ಅದರ ಅರ್ಧವನ್ನು ಪಂಢರಿನಾಥನಿಗೆ ತನ್ನ ಕೈಯಾರೆ, ತುಪ್ಪದ ಸಮೇತ ಬಡಿಸಿಕೊಟ್ಟಿದ್ದಳು. ಬೇರೆ ಯಾರು ಹೇಳಿದ್ದರೂ ಆಕೆ ವಾದಿಸುತ್ತಿದ್ದಳು. ಕಾಶಪ್ಪ ಖರ್ಚು ಮಾಡಿ ಮಾತಾಡಿದ್ದನ್ನು ಹುಸಿ ಮಾಡುವುದು ಹೇಗೆ?

ಪಂಢರಿನಾಥ ಈ ಕಟ್ಟಳೆಯನ್ನು ಪಕ್ಕದ ಹೆಂಗಸರಿಂದ ಮರಾಠಿಯಲ್ಲಿ ಇನ್ನೊಮ್ಮೆ ಕೇಳಿ ತಿಳಿದುಕೊಂಡ. ತಿಳಿದ ಮೇಲೆ ಅವನ ಎದೆ ತುಸು ಉಬ್ಬಿತು. "ಹಂಗಾದ್ರ ನಾನು ಬಾಜು ಹೊಲದವ" ಎಂದ. ಅವನ ಅಪ್ಪನಿಗಾಗಲಿ ಅಜ್ಜನಿಗಾಗಲಿ ಹೊಲವಿರಲಿಲ್ಲ.

"ಬಾಜು ಹೊಲದವ್ನೇ, ನಸುಕಿನಾಗ ನೀನು ಬಾ, ಬಿಸಿಲು ಏರೋದರಾಗ ಜಾಳಿ ಎತ್ತು" ಎಂದಳು ಅಂಬಾಬಾಯಿ. "ಬಿಸಿಲು ಏರಿದ ಮ್ಯಾಗ ಸಂಜಿಮಟ ನನ್ನ ಎಮ್ಮಿ."

"ಮಳಿಗಾಲ ಶುರುವಾದಾಗ ಮೀನು ಮರಿ ಹಾಕ್ತಾವ. ಆಗ ಎಮ್ಮಿ ಗೂಟದ ಈಕಡೆನೇ ಬೀಳಬೇಕು."

"ಮ್ಯಾನೇಜರಿಗೆ ನೀನೇ ಹೇಳು."

"ನನ್ನ ಮಾತು ಕೇಳಂಗಿಲ್ಲ ಅದು!"

"ಹೋಗ್ಲಿ, ನಾನೇ ಹೇಳ್ತೀನಿ."

ಯಶ್ಮಿತಾ ಟಿಕಲಿಗಳ ಗುಡ್ಡವನ್ನು ಕಿತ್ತು, ಅಲ್ಲಿ ಒಂದು ಕೆಂಪನ್ನೂ ಒಂದು ಕಪ್ಪನ್ನೂ ಒಂದರ ಪಕ್ಕ ಒಂದು ಅಂಟಿಸಿದಳು. ಓಂಕಾರನ ಮುಖ ಬಾಡಿದ್ದನ್ನು ಕಂಡು, "ಒಂದು ಮುಂಜಾನಿ ನೋಡಿ ನಾವು ಗೆರಿ ಎಳಿಯೋರಲ್ಲಪ್ಪಾ, ಚಳಿಗಾಲ ಪೂರ್ತಿ ಎಣಿಸೋಣು ಅಂತ ಮೊದಲೇ ಮಾತಾಗಿತ್ತಲ್ಲ" ಎಂದು ಅವನಿಗೆ ನೆನಪಿಸಿದಳು. ಆಮೇಲೆ ಅಂಬಾಬಾಯಿಯ ಕಡೆ ತಿರುಗಿದಳು. "ಮಾವಶಿ, ಹಕ್ಕಿ ಗೂಡು, ಹಕ್ಕಿ ನಿದ್ದಿ ಎಲ್ಲಾ ಪಡುವಣ ಜೊಂಡಿನಾಗ ಅದ. ಅಲ್ಲಿ ಚಳಿಗಾಲದಾಗ ಹುಲ್ಲು ಕೊಯ್ಯೋದು ಬಿಡಬೇಕಾಗ್ತದ್ರಿ. ಹೋಳಿ ಆದ ಮ್ಯಾಲೆ ಸರದಿ ಪ್ರಕಾರ ಕೊಯ್ಯಬಹುದು."

ಇದು ಸಣ್ಣ ಮಾತಾಗಿರಲಿಲ್ಲ. ಚಳಿಗಾಲದ ಮೇವೆಲ್ಲ ಆಕೆಗೆ ಆ ಜೊಂಡಿನಿಂದಲೇ ಬರುತ್ತಿತ್ತು. ಆ ತಿಂಗಳುಗಳಲ್ಲಿ ಇನ್ನು ಮುಂದೆ ಪೇಟೆಯಿಂದ ಕಬ್ಬಿನ ಸೋಗೆಯ ವಾಡೆ ಕೊಂಡು ತರಬೇಕು. ಹಾಲಿನಲ್ಲಿ ಉಳಿಯುವುದು ಅಷ್ಟು ಕಡಿಮೆಯಾಗುತ್ತದೆ. ಅಂಬಾಬಾಯಿ ಬಟ್ಟೆಯ ಮೇಲಿನ ಕಪ್ಪು ಟಿಕಲಿಯನ್ನು ಬೆರಳಿನಿಂದ ಒತ್ತಿ ನೋಡಿದಳು. ಯೋಜನೆಯವರು ಒಣ ಮೇವಿಗೆ ಕೆರೆಯಾಚೆ ಒಂದು ಕೊಟ್ಟಿಗೆ ಕಟ್ಟಿಸಿ, ಮಳೆಗಾಲದ ಹುಲ್ಲನ್ನು ಕೂಡಿಡಲು ಜಾಗ ಮಾಡಿಕೊಡುತ್ತಾರೆಂದು ಯಶ್ಮಿತಾ ಹೇಳಿದಳು. ಆದರೂ ಕೊಯ್ದಾಗ ಕೈಗೆ ಬರುವ ಹಸಿ ಜೊಂಡು ಬೇರೆ, ಕಟ್ಟಿಟ್ಟ ಒಣಹುಲ್ಲು ಬೇರೆ.

"ಆತು" ಎಂದಳು ಕೊನೆಗೆ. "ಹಕ್ಕಿ ಅಲ್ಲಿ ಮಲಗಲಿ. ನನ್ನ ಎಮ್ಮಿ ಇಲ್ಲಿ ಮಲಗ್ತಾವ. ಮಲಗಿದವ್ರನ್ನ 'ಏಳು' ಅನ್ನೋ ಪಾಪ ಇಬ್ರಿಗೂ ಬ್ಯಾಡ."

ಅಂಬಾಬಾಯಿ ಅಂದುಕೊಂಡಂತೆಯೇ ವಸ್ತಿಯ ಹೆಂಗಸರು ನಕ್ಕರು. ನಲ್ಲಿಯ ಹತ್ತಿರ ಕೊಡ ಇಟ್ಟು, "ಅಂಬಕ್ಕಾ, ನಮ್ಮ ಮನಿ ಮುಂದೂ ಒಂದಿಷ್ಟು ಚರಗ ಚೆಲ್ಲವ್ವಾ, ಮಾಲಕ ಬಾಡಿಗಿ ಕೇಳಾದು ಬಿಡ್ತಾನ" ಎಂದು ಕಾಡಿದರು. ಆಕೆ ಮೊದಮೊದಲು ಸಿಟ್ಟಾದಳು. ಆಮೇಲೆ ಅವರಿಗಿಂತ ಮುಂಚೆ ತಾನೇ ಆ ಕತೆ ಹೇಳತೊಡಗಿದಳು. ತಾನೇ ಹೇಳಿದರೆ ಕಡುಬಿನ ರುಚಿಯ ವರ್ಣನೆ ಸರಿಯಾಗಿ ಬರುತ್ತದೆಂದು ಆಕೆಯ ಅಭಿಪ್ರಾಯ.

ಬೇಸಿಗೆ ಬಂತು. ಕಾರಖಾನೆಯ ತಗಡಿನ ಛಾವಣಿಗಳು ಬಿಸಿಲಿಗೆ ಥಳಥಳಿಸುತ್ತಿದ್ದ ಒಂದು ದಿನ ಅಂಬಾಬಾಯಿ ಎಮ್ಮೆಗಳನ್ನು ಹೊಡೆದುಕೊಂಡು ಮೂಲೆಗೆ ಬಂದಳು. ಬಿಸಿಲು ಏರಿತ್ತು. ಪಂಢರಿನಾಥ ಇನ್ನೂ ತೆಪ್ಪ ತೆಗೆದಿರಲಿಲ್ಲ. ಬೇಕೆಂದೇ ಒಂದೊಂದೇ ಎಳೆಯಾಗಿ ಬಲೆ ಮಡಚುತ್ತಿದ್ದ.

"ಬಿಸಿಲು ಎಲ್ಲದ ನೋಡು ಬಾಜು ಹೊಲದವ್ನೇ!"

"ಎಲ್ಲೇರ್ಯಾದ? ಆ ಮೋಡದ ಹಿಂದ ಅದ ಇನ್ನ!"

ಈ ವಾದ ತೀರ್ಮಾನವಾಗುವುದನ್ನು ಕಾಯದೆ ಮ್ಯಾನೇಜರ್ ಅವನ ಪಕ್ಕದಿಂದಲೇ ಹಾದು ನೀರಿಗೆ ಇಳಿಯಿತು. ಗೂಟದ ಈಚೆ ಕಡೆಯೇ ಬಿತ್ತು. ಅದು ಮಾತು ಕೇಳಿತೋ, ಅಲ್ಲಿಯ ಕೆಸರು ಮೆತ್ತಗಿತ್ತೋ, ಯಾರಿಗೆ ಗೊತ್ತು. ಗೌರಿ, ತುಂಗಿ ಹಿಂದೆ ಹೋದವು. ಮೂರೂ ಮೂಗಿನ ಹೊಳ್ಳೆ, ಬೆನ್ನು ಇಷ್ಟನ್ನೇ ಮೇಲಿಟ್ಟು ಕಣ್ಣು ಮುಚ್ಚಿದವು. ಎಲ್ಲಿಂದಲೋ ಒಂದು ಬೆಳ್ಳಕ್ಕಿ ಹಾರಿಬಂದು ಮ್ಯಾನೇಜರಿನ ಬೆನ್ನ ಮೇಲೆ ಕಾಲೂರಿ ನಿಂತಿತು.

ಅಂದೂ ಎಣಿಸಲು ಬಂದಿದ್ದ ಓಂಕಾರ್ ದುರ್ಬೀನು ಕೆಳಗಿಳಿಸಿ ತಲೆ ಕೆರೆದುಕೊಂಡ. "ಅಮ್ಮಾ, ಇದು ಎಮ್ಮೆ ಜಾಗ. ಹಕ್ಕಿ ಜಾಗ ಅಲ್ಲಿದೆ. ಇದನ್ನ ಎಲ್ಲಿ ಬರ್ಕೊಳ್ಳಲಿ?"

"ಎಮ್ಮಿ ಮ್ಯಾಗ ಬರ್ಕೋ" ಎಂದಳು ಅಂಬಾಬಾಯಿ, ನೆರಳು ನೋಡಿ ಕೂರುತ್ತ. "ಸಾವಕಾಶ ಬರಿ, ಎದ್ದೀತು."